ಫಾರ್ಮ್ಯಾಟ್ ಮಾಡಿಸುವ ಮೊದಲು ಇಷ್ಟು ನೋಡು

ಲೈಪ್‌ಜಿಗ್
9 ನವೆಂಬರ್ 2025

ಪ್ರೀತಿಯ ತಂಗಿ,

ಅಪ್ಪ ಅಮ್ಮನಿಗೆ ನನ್ನ ವಂದನೆಗಳನ್ನು ಹೇಳು. ವಿಂಡೋಸ್ 11 ಹಾಕಿದ ಮೇಲೆ ಸ್ವರಲಿಪಿ ಬರೆಯುವ ಪ್ರೋಗ್ರಾಂ ಮ್ಯೂಸ್‌ಸ್ಕೋರ್ ತೀರಾ ಸ್ಲೋ ಆಗಿದೆ, ಅಂಗಡಿಯವರು ಫಾರ್ಮ್ಯಾಟ್ ಮಾಡೋಣ ಅನ್ನುತ್ತಿದ್ದಾರೆ ಅಂತ ಬರೆದಿದ್ದೀಯ. ಈಗಲೇ ಒಪ್ಪಬೇಡ. ವಿಂಡೋಸ್ 10ರ ಬೆಂಬಲ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಾಗಾಗಿ ನೀನು 11ಕ್ಕೆ ಬಂದದ್ದು ಸರಿ. ಇಂಥ ನಿಧಾನಕ್ಕೆ ಹೆಚ್ಚಿನ ಸಲ ಫಾರ್ಮ್ಯಾಟ್ ಬೇಕಾಗುವುದಿಲ್ಲ. ಎಲ್ಲಿ ನಿಧಾನವಾಗುತ್ತಿದೆ ಅಂತ ಗುರುತಿಸಿದರೆ ಅರ್ಧ ಕೆಲಸ ಆದ ಹಾಗೆ.

ಎಲ್ಲಕ್ಕಿಂತ ಮೊದಲು ಕ್ವಾಯರಿನ ಫೈಲುಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ಹಾಕಿಕೊ. ಕ್ರಿಸ್ಮಸ್ ಹಾಡುಗಳನ್ನು ಪಿಡಿಎಫ್ ಆಗಿಯೂ ತೆಗೆದಿಡು. ಏನೇ ಆದರೂ ಅಭ್ಯಾಸದ ದಿನ ಕೈಯಲ್ಲಿ ಹಾಳೆ ಇರಬೇಕು.

ಆಮೇಲೆ ಒಂದು ಪರೀಕ್ಷೆ ಮಾಡು. ಹೊಸ ಸ್ಕೋರ್ (ಸ್ವರಲಿಪಿಯ ಹಾಳೆ) ತೆರೆದು ನಾಲ್ಕು ದನಿಗಳ ಕ್ವಾಯರ್ ಟೆಂಪ್ಲೇಟ್ ಆರಿಸಿ ಒಂದು ಹತ್ತು ಬಾರ್ ಸ್ವರ ಹಾಕು. ಆ ಖಾಲಿ ಹಾಳೆಯಲ್ಲೂ ಕೀಲಿ ಒತ್ತಿದ ಎಷ್ಟೋ ಹೊತ್ತಿಗೆ ಸ್ವರ ಮೂಡಿದರೆ ತೊಂದರೆ ಲ್ಯಾಪ್‌ಟಾಪಿನದು. ಅದು ಚುರುಕಾಗಿದ್ದು ಆರ್ಗನ್, ವಯಲಿನ್, ಕೊಳಲು ಎಲ್ಲ ಇರುವ ದೊಡ್ಡ ಸ್ಕೋರ್ ಮಾತ್ರ ಎಳೆದಾಡಿದರೆ ತೊಂದರೆ ಆ ಸ್ಕೋರಿನ ಒಳಗಿದೆ, ಇಲ್ಲವೇ ಅದಕ್ಕೆ ಹಾಕಿರುವ ಧ್ವನಿಗಳಲ್ಲಿದೆ. ಬರೆಯುವಾಗ ಸರಿಯಿದ್ದು ನುಡಿಸುವಾಗ ಮಾತ್ರ ಕರಕರ ಅಂದರೆ ಅದು ಆಡಿಯೋ ಸೆಟ್ಟಿಂಗಿನ ಕೆಲಸ. ಈ ಮೂರನ್ನೂ ಒಂದೇ ಅಂದುಕೊಂಡು ಪ್ರೋಗ್ರಾಂ ತೆಗೆದು ಮತ್ತೆ ಹಾಕುತ್ತಾ ಕೂತರೆ ಸಂಜೆ ಕಳೆಯುತ್ತದೆ ಅಷ್ಟೆ.

ಲ್ಯಾಪ್‌ಟಾಪಿನದೇ ಅಂತಾದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತು, ಟಾಸ್ಕ್ ಮ್ಯಾನೇಜರ್ ಬರುತ್ತದೆ. ಸಿಪಿಯು ಮತ್ತು ಡಿಸ್ಕ್ ಕಾಲಂಗಳಲ್ಲಿ ಮೇಲುಗಡೆ ಯಾರಿದ್ದಾರೆ ನೋಡು. ದೊಡ್ಡ ಅಪ್‌ಡೇಟ್ ಆದಮೇಲೆ ವಿಂಡೋಸ್ ಫೈಲುಗಳನ್ನು ಹುಡುಕಾಟಕ್ಕೆಂದು ಮತ್ತೆ ಪಟ್ಟಿ ಮಾಡುತ್ತದೆ, ಅದರದೇ ಆಂಟಿವೈರಸ್ ಆದ ಡಿಫೆಂಡರ್ ಅವುಗಳನ್ನು ತಪಾಸಣೆ ಮಾಡುತ್ತದೆ. ಸರ್ಚ್ ಇಂಡೆಕ್ಸರ್, ಆಂಟಿಮಾಲ್‌ವೇರ್ ಸರ್ವಿಸ್ ಎಂಬ ಹೆಸರುಗಳು ಮೇಲೆ ಕಂಡರೆ ಅದೇ. ಚಾರ್ಜರ್ ಹಾಕಿ, ಸ್ಲೀಪ್‌ಗೆ ಹೋಗದಂತೆ ಮಾಡಿ ಒಂದು ರಾತ್ರಿ ಬಿಟ್ಟುಬಿಡು. ಆ ಕೆಲಸ ಮುಗಿದರೆ ತಾನಾಗಿ ಸರಿಹೋಗುತ್ತದೆ. ಡಿಫೆಂಡರನ್ನೇ ಆಫ್ ಮಾಡು ಅಂತ ಯಾರಾದರೂ ಹೇಳಿದರೆ ಕೇಳಬೇಡ, ಕ್ವಾಯರಿನವರ ಪೆನ್‌ಡ್ರೈವ್‌ಗಳೆಲ್ಲ ನಿನ್ನ ಲ್ಯಾಪ್‌ಟಾಪಿಗೇ ಬರುತ್ತವೆ.

ರಾತ್ರಿ ಕಳೆದರೂ ಹಾಗೇ ಇದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಡಿಸ್ಪ್ಲೇ ಅಡಾಪ್ಟರ್ಸ್ ತೆರೆ. ನನಗೆ ಹೆಚ್ಚು ಅನುಮಾನ ಇರುವುದು ಇಲ್ಲೇ. ಅಲ್ಲಿ ನಿನ್ನ ಗ್ರಾಫಿಕ್ಸ್ ಚಿಪ್ಪಿನ ಹೆಸರಿನ ಬದಲು ಮೈಕ್ರೋಸಾಫ್ಟ್ ಬೇಸಿಕ್ ಡಿಸ್ಪ್ಲೇ ಅಡಾಪ್ಟರ್ ಅಂತಿದ್ದರೆ ಚಿಪ್ಪನ್ನು ನಡೆಸುವ ಸರಿಯಾದ ಡ್ರೈವರ್ ಸಾಫ್ಟ್‌ವೇರ್ ಕೂತಿಲ್ಲ, ಪರದೆ ಬಿಡಿಸುವ ಕೆಲಸವೆಲ್ಲ ಸಿಪಿಯು ತಲೆಗೆ ಬಿದ್ದಿದೆ ಅಂತ ಅರ್ಥ. ಮ್ಯೂಸ್‌ಸ್ಕೋರ್ 4ರ ಪರದೆ ಗ್ರಾಫಿಕ್ಸ್ ಚಿಪ್ಪನ್ನು ನೆಚ್ಚಿಕೊಂಡಿರುವುದರಿಂದ ಮೊದಲು ಪೆಟ್ಟು ತಿನ್ನುವುದು ಅದೇ: ಹಾಳೆ ಸರಿಸಿದರೆ ತಡವರಿಸುತ್ತದೆ, ಜೂಮ್ ಮಾಡಿದರೆ ನಿಂತುಬಿಡುತ್ತದೆ. ವಿಂಡೋಸ್ ಅಪ್‌ಡೇಟಿನ ಅಡ್ವಾನ್ಸ್ಡ್ ಆಪ್ಶನ್ಸ್ ಒಳಗೆ ಆಪ್ಶನಲ್ ಅಪ್‌ಡೇಟ್ಸ್‌ನಲ್ಲಿ ಡ್ರೈವರ್ ಕಾದಿರಬಹುದು. ಇಲ್ಲದಿದ್ದರೆ ಲ್ಯಾಪ್‌ಟಾಪಿನ ಅಡಿಯಲ್ಲಿರುವ ಮಾಡೆಲ್ ನಂಬರ್ ನೋಡಿ ಕಂಪನಿಯ ಸೈಟಿನಿಂದಲೇ ಇಳಿಸಿಕೊ. ಬೇರೆ ಯಾವ ಡ್ರೈವರ್ ಸೈಟಿಗೂ ಹೋಗಬೇಡ. ಹಾಗೆಯೇ ಸೆಟ್ಟಿಂಗ್ಸ್‌ನಲ್ಲಿ ಪವರ್ ಮೋಡ್ ನೋಡಿ, ಬರೆಯುವಾಗ ಬೆಸ್ಟ್ ಪರ್ಫಾರ್ಮೆನ್ಸ್‌ಗೆ ಇಡು.

ಆಗೊಮ್ಮೆ ಈಗೊಮ್ಮೆ ಕೆಲವು ಸೆಕೆಂಡು ನಿಂತು ಮತ್ತೆ ಓಡಿದರೆ ಫೈಲ್ ಎಲ್ಲಿ ಸೇವ್ ಆಗುತ್ತಿದೆ ನೋಡಬೇಕು. ಮ್ಯೂಸ್‌ಸ್ಕೋರ್ ತಾನಾಗಿ ಸ್ಕೋರುಗಳನ್ನು ಡಾಕ್ಯುಮೆಂಟ್ಸ್ ಒಳಗೆ ಇಡುತ್ತದೆ. ಹೊಸ ವಿಂಡೋಸ್ ಸೆಟಪ್ ಮಾಡುವಾಗ ಡಾಕ್ಯುಮೆಂಟ್ಸ್ ಪೂರ್ತಿ ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹ ಒನ್‌ಡ್ರೈವ್‌ಗೆ ಹೋಗಲಿ ಎಂಬುದಕ್ಕೆ ಹೂಂ ಅಂದಿದ್ದರೆ, ಆಟೋ ಸೇವ್ ಆದಾಗಲೆಲ್ಲ ಆ ಫೈಲ್ ನೆಟ್ ಮೇಲೆ ಹೊರಡುತ್ತದೆ. ಮ್ಯೂಸ್‌ಸ್ಕೋರ್ ಉಳಿಸುವ ಎಂಎಸ್‌ಸಿಝೆಡ್ ಫೈಲ್ ಅಂದರೆ ಒಳಗಿಂದ ಒಂದು ಜಿಪ್ ಗಂಟು. ಒಂದೇ ಸ್ವರ ತಿದ್ದಿದರೂ ಗಂಟು ಪೂರ್ತಿ ಹೊಸದಾಗಿ ಕಟ್ಟಬೇಕು. ಸಿ ಡ್ರೈವಿನಲ್ಲೇ ಕ್ವಾಯರ್ ಅಂತ ಬೇರೆ ಫೋಲ್ಡರ್ ಮಾಡಿ ಅಲ್ಲಿ ಬರೆ, ದಿನದ ಕೊನೆಗೆ ಒಂದು ಕಾಪಿ ಒನ್‌ಡ್ರೈವ್‌ಗೆ ಹಾಕು. ಆಟೋ ಸೇವ್ ಮಾತ್ರ ನಿಲ್ಲಿಸಬೇಡ. ನಮ್ಮೂರಿನ ಕರೆಂಟು ನಿನಗೇ ಗೊತ್ತು.

ದೊಡ್ಡ ಸ್ಕೋರ್ ಮಾತ್ರ ಸ್ಲೋ ಅಂತಾದರೆ ಮ್ಯೂಸ್ ಸೌಂಡ್ಸ್ ಕಡೆ ನೋಡು. ನಿಜವಾದ ವಾದ್ಯ, ದನಿಗಳ ರೆಕಾರ್ಡಿಂಗ್ ಅವು. ಕೇಳಲು ಚೆಂದ, ಆದರೆ ವಾದ್ಯ ಹೆಚ್ಚಿದಷ್ಟೂ ಮೆಮೊರಿ ತಿನ್ನುತ್ತವೆ. ನಿನ್ನಲ್ಲಿರುವುದು 8 ಜಿಬಿ. ವಿಂಡೋಸ್ 11 ಮತ್ತು ಕ್ರೋಮ್ ತಮ್ಮ ಪಾಲು ತೆಗೆದುಕೊಂಡ ಮೇಲೆ ಹೆಚ್ಚೇನೂ ಉಳಿಯುವುದಿಲ್ಲ, ಆಮೇಲೆ ಎಲ್ಲ ಡಿಸ್ಕಿಗೂ ಮೆಮೊರಿಗೂ ಓಡಾಡುತ್ತದೆ. ಎಫ್10 ಒತ್ತಿ ಮಿಕ್ಸರ್ ತೆರೆದು ಪ್ರತಿ ವಾದ್ಯಕ್ಕೂ ಎಂಎಸ್ ಬೇಸಿಕ್ ಎಂಬ ಹಗುರ ಧ್ವನಿ ಆರಿಸು. ಬರೆದು ಮುಗಿಸಿ ಕ್ವಾಯರಿಗೆ ಕೇಳಿಸುವ ಆಡಿಯೋ ತೆಗೆಯುವಾಗ ಮ್ಯೂಸ್ ಸೌಂಡ್ಸ್ ವಾಪಸ್ ಹಾಕಿದರಾಯಿತು. ಸೊಪ್ರಾನೊ, ಆಲ್ಟೊಗಳ ಬಿಡಿ ಪಾರ್ಟ್‌ಗಳನ್ನೂ ಕೊನೆಗೇ ತೆರೆ. ತೆರೆದಿಟ್ಟ ಪಾರ್ಟ್‌ಗಳಲ್ಲೂ ಪ್ರತಿ ತಿದ್ದುಪಡಿ ಮತ್ತೆ ಜೋಡಣೆಯಾಗಬೇಕು.

ನುಡಿಸುವಾಗ ಕರಕರ ಬಂದರೆ ಪ್ರಿಫರೆನ್ಸಸ್‌ನಲ್ಲಿ ಆಡಿಯೋ ಪುಟಕ್ಕೆ ಹೋಗಿ ಬಫರ್ ಸೈಜ್ (ನುಡಿಸುವ ಮೊದಲು ಕೂಡಿಟ್ಟುಕೊಳ್ಳುವ ಧ್ವನಿಯ ಪ್ರಮಾಣ) 1024 ಮಾಡು. 44,100ರ ಸ್ಯಾಂಪಲ್ ರೇಟಿನಲ್ಲಿ ಅದು ಸುಮಾರು 23 ಮಿಲಿಸೆಕೆಂಡ್ ತಡ, ಮೌಸ್ ಮತ್ತು ಕೀಬೋರ್ಡಿನಲ್ಲಿ ಬರೆಯುವವರಿಗೆ ಗೊತ್ತೇ ಆಗುವುದಿಲ್ಲ. ಮಿಡಿ ಕೀಬೋರ್ಡ್ ನುಡಿಸಿ ಬರೆಯುವ ದಿನ 256ಕ್ಕೆ ಇಳಿಸಿಕೊ. ವಿಂಡೋಸಿನ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಸ್ಪೀಕರ್ ಮೇಲೆ ಕ್ಲಿಕ್ ಮಾಡಿದರೆ ಆಡಿಯೋ ಎನ್‌ಹಾನ್ಸ್‌ಮೆಂಟ್ಸ್ ಸಿಗುತ್ತದೆ, ಅದನ್ನು ಆಫ್ ಮಾಡು. ಬ್ಲೂಟೂತ್ ಹೆಡ್‌ಫೋನ್ ಈ ಕೆಲಸಕ್ಕೆ ಆಗದು, ತಂತಿಯದೇ ಬೇಕು.

ಇನ್ನೊಂದು, ಕನ್ನಡ ಸಾಹಿತ್ಯ ಇರುವ ಸ್ಕೋರಿಗೆ ಮಾತ್ರ ಸಂಬಂಧಿಸಿದ್ದು. ಅಪ್‌ಡೇಟ್ ಆದಮೇಲೆ ಬಾರ್‌ಗಳು ಅಗಲವಾಗಿ ಪುಟ ಹೆಚ್ಚಾಗಿದ್ದರೆ ಫಾಂಟ್ ಬದಲಾಗಿದೆ ಅಂತ ಲೆಕ್ಕ. ಮ್ಯೂಸ್‌ಸ್ಕೋರ್ ಜೊತೆಗೆ ಬರುವ ಎಡ್ವಿನ್ ಫಾಂಟಿನಲ್ಲಿ ಕನ್ನಡ ಅಕ್ಷರಗಳಿಲ್ಲ, ಸಿಸ್ಟಂನಲ್ಲಿ ಸಿಕ್ಕಿದ ಕನ್ನಡ ಫಾಂಟನ್ನು ಎರವಲು ತರುತ್ತದೆ. ನೀನು ತುಂಗಾ ಬಳಸಿದ್ದರೆ, ಅದು ಈಗ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಎಂಬ ಹೆಸರಿನಲ್ಲಿ ಆಪ್ಶನಲ್ ಫೀಚರ್ಸ್ ಒಳಗಿದೆ, ಅಲ್ಲಿಂದ ಸೇರಿಸಿಕೊ. ನನ್ನ ಮಾತು ಕೇಳುವುದಾದರೆ ಫಾರ್ಮ್ಯಾಟ್ ಮೆನುವಿನ ಸ್ಟೈಲ್, ಟೆಕ್ಸ್ಟ್ ಸ್ಟೈಲ್ಸ್‌ನಲ್ಲಿ ಲಿರಿಕ್ಸ್‌ನ ಆಡ್, ಈವನ್ ಎರಡೂ ಸಾಲುಗಳಿಗೆ ನಿರ್ಮಲಾ ಯುಐ ಫಾಂಟನ್ನು ಹೆಸರಿಸಿಬಿಡು. ವಿಂಡೋಸ್ ಜೊತೆಗೇ ಬರುವುದರಿಂದ ಅಂಗಡಿಯ ಕಂಪ್ಯೂಟರಿನಲ್ಲಿ ಪ್ರಿಂಟ್ ತೆಗೆದರೂ ಒತ್ತಕ್ಷರ ಕೆಡುವುದಿಲ್ಲ.

ಹಳೆಯ ವಿಂಡೋಸಿಗೆ ವಾಪಸ್ ಹೋಗುವ ದಾರಿ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ಇದೆ, ಆದರೆ ಅದು 10 ದಿನ ಮಾತ್ರ. ಬೆಂಬಲ ಮುಗಿದ ಸಿಸ್ಟಂಗೆ ಹೋಗುವುದು ನನಗೆ ಇಷ್ಟವಿಲ್ಲ. ಈಗ ಎಲ್ಲ ಸರಿಯಾದ ಮೇಲೆ ವಿಂಡೋಸ್ ಅಪ್‌ಡೇಟನ್ನು ಪಾಜ್ ಮಾಡಿ ತಾತ್ಕಾಲಿಕವಾಗಿ ನಿಲ್ಲಿಸಿಡು. 5 ವಾರದ ತನಕ ಬಿಡುತ್ತದೆ, ನವೆಂಬರ್ ಕೊನೆಯಲ್ಲಿ ಮಾಡಿದರೆ ಕ್ರಿಸ್ಮಸ್ ದಾಟುತ್ತದೆ. ಹಬ್ಬ ಮುಗಿದ ಕೂಡಲೇ ಬಾಕಿ ಅಪ್‌ಡೇಟುಗಳನ್ನು ಹಾಕಿಕೊ.

ಅಪ್ಪನಿಗೂ ಒಂದು ಮಾತು ಹೇಳು. ಅವರ ಕಂಪ್ಯೂಟರಿನಲ್ಲಿರುವ ಫೈನೇಲ್ ಎಂಬ ಇನ್ನೊಂದು ಸ್ವರಲಿಪಿ ಪ್ರೋಗ್ರಾಂನ ಫೈಲುಗಳನ್ನು ಈ ವರ್ಷವೇ ಬೇರೆ ಪ್ರೋಗ್ರಾಂಗಳೂ ಓದಬಲ್ಲ ಮ್ಯೂಸಿಕ್‌ಎಕ್ಸ್‌ಎಂಎಲ್ ಆಗಿ ಎಕ್ಸ್‌ಪೋರ್ಟ್ ಮಾಡಬೇಕು. ಫೈನೇಲ್ ಅಭಿವೃದ್ಧಿ ನಿಲ್ಲಿಸಿರುವುದಾಗಿ 2024ರ ಆಗಸ್ಟಿನಲ್ಲೇ ಕಂಪನಿ ಪ್ರಕಟಿಸಿದೆ, ಮುಂದೆ ಯಾವುದಾದರೂ ಅಪ್‌ಡೇಟಿನಲ್ಲಿ ಅದು ತೆರೆಯದೇ ಹೋದರೆ ರಿಪೇರಿ ಮಾಡುವವರಿಲ್ಲ. ಅವರ ಕಂಪ್ಯೂಟರನ್ನು ಅಲ್ಲಿಯ ತನಕ ಮುಟ್ಟಬೇಡಿ.

ಟಾಸ್ಕ್ ಮ್ಯಾನೇಜರಿನ ಮತ್ತು ಡಿಸ್ಪ್ಲೇ ಅಡಾಪ್ಟರಿನ ಫೋಟೊ ತೆಗೆದು ವಾಟ್ಸಾಪ್ ಮಾಡು. ಅವೆರಡು ಸಿಕ್ಕಿದರೆ ಮುಂದಿನದನ್ನು ಫೋನಿನಲ್ಲೇ ಹೇಳುತ್ತೇನೆ.

ನಿನ್ನ ಅಣ್ಣ