ಸೆಲ್ ಹಾಕೋಕೆ ಒಂದು ದಿನ ಯಾಕೆ? ನಮ್ಮ ವಾಚ್ ಅಂಗಡಿಯ ಗ್ರಾಹಕರಿಗೆ

ಪ್ರಿಯ ಗ್ರಾಹಕರೇ,

ಬೋರ್ಡು ಅದೇ, ಬೆಂಚೂ ಅದೇ. ಕೂತವರು ಮಾತ್ರ ಬೇರೆ. ಅಂಗಡಿಯ ಹಳೇ ಯಜಮಾನರು ಇದನ್ನು ನನಗೆ ಬಿಟ್ಟುಕೊಟ್ಟ ಕತೆ ನಿಮಗೆ ಗೊತ್ತೇ ಇದೆ, ಮತ್ತೆ ಹೇಳುವುದಿಲ್ಲ. ಈ ತಿಂಗಳಿಂದ ಬದಲಾಗಿರುವುದು ಇಷ್ಟು: ಸೆಲ್ ಹಾಕಲು ಕೊಟ್ಟ ವಾಚು ಮಾರನೇ ದಿನ ಸಂಜೆ ಸಿಗುತ್ತದೆ. ದರ ಸ್ವಲ್ಪ ಏರಿದೆ. ಕೀ ಕೊಡುವ ವಾಚಿನ ಸರ್ವಿಸ್‌ಗೆ ಮೊದಲೇ ಹೆಸರು ಬರೆಸಬೇಕು. ಐದು ನಿಮಿಷ ನಿಂತು ವಾಚು ಕಟ್ಟಿಕೊಂಡು ಹೋಗುತ್ತಿದ್ದವರಿಗೆ ಇದು ತೊಂದರೆಯೇ. ದಯವಿಟ್ಟು ಕ್ಷಮಿಸಿ.

ಆದರೆ ಒಂದು ಮಾತು ದಿನಾ ಕಿವಿಗೆ ಬೀಳುತ್ತಿದೆ. "ಒಂದು ಸೆಲ್ ಹಾಕೋಕೆ ಇಷ್ಟು ಹೊತ್ತಾ? ಪಾಪ, ಕೆಲಸ ಬಿಟ್ಟು ಎಷ್ಟೋ ವರ್ಷ ಆಗಿತ್ತಲ್ಲ, ಕೈ ಓಡ್ತಿಲ್ಲ ಅನ್ಸುತ್ತೆ." ಬೈದರೂ ಪರವಾಗಿಲ್ಲ, ಆ "ಪಾಪ" ಮಾತ್ರ ಚುಚ್ಚುತ್ತದೆ. ಅದಕ್ಕೇ ಬಿಡಿಸಿ ಹೇಳುತ್ತೇನೆ.

ಸೆಲ್ ಹಾಕುವುದು ನಿಜಕ್ಕೂ ಐದು ನಿಮಿಷದ ಕೆಲಸ. ಹೊತ್ತು ಹಿಡಿಯುವುದು ಆಮೇಲಿನದ್ದು. ಸೆಲ್ ವಾಚಿನೊಳಗಿನ ಪುಟ್ಟ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಸರ್ಕೀಟು ಅದನ್ನು ಅರ್ಧ, ಅರ್ಧ ಎಂದು 15 ಸಲ ಇಳಿಸಿ ಸೆಕೆಂಡಿಗೆ ಒಂದು ಮಿಡಿತ ಮಾಡಿಕೊಡುತ್ತದೆ. ಆ ಮಿಡಿತಕ್ಕೆ ಒಂದು ಪುಟ್ಟ ಮೋಟರು ಮುಳ್ಳನ್ನು ತಳ್ಳಬೇಕು. ಎಣ್ಣೆ ಒಣಗಿದ್ದರೆ ಮೋಟರಿಗೆ ಕಷ್ಟ. ಹೊಸ ಸೆಲ್ಲಿನಲ್ಲಿ ಹಗಲೆಲ್ಲಾ ಚೆನ್ನಾಗೇ ಓಡುತ್ತದೆ. ರಾತ್ರಿ 12ರ ಹೊತ್ತಿಗೆ ತಾರೀಖಿನ ಚಕ್ರವನ್ನೂ ತಿರುಗಿಸಬೇಕಲ್ಲ, ಆಗ ಭಾರ ಜಾಸ್ತಿ. ಸುಸ್ತಾದ ವಾಚು ನಿಲ್ಲುವುದು ಹೆಚ್ಚಾಗಿ ಅಲ್ಲೇ. ಮುಳ್ಳು ತಿರುಗಿಸಿ ನೋಡಬಹುದಲ್ವಾ ಅಂತ ಒಬ್ಬರು ಕೇಳಿದರು. ತಿರುಗಿಸಬಹುದು. ಆದರೆ ಆಗ ತಾರೀಖು ಬದಲಾಗುವುದು ನನ್ನ ಬೆರಳಿನ ಬಲದಿಂದ, ಮೋಟರಿನ ಬಲದಿಂದ ಅಲ್ಲ. ಅದಕ್ಕೇ ನಿಮ್ಮ ವಾಚು ಒಂದು ರಾತ್ರಿ ನನ್ನ ಹತ್ತಿರ ಇರಬೇಕು.

ಇನ್ನು ದರದ ವಿಷಯ. ಎಸ್‌ಆರ್ 626, ಎಲ್‌ಆರ್ 626 ಅಂತ ಎರಡು ಸೆಲ್ ಬರುತ್ತವೆ. ಎರಡೂ 6.8 ಮಿ.ಮೀ. ಅಗಲ, 2.6 ಮಿ.ಮೀ. ದಪ್ಪ. ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣುವುದಿಲ್ಲ. ಎಸ್‌ಆರ್ ಬೆಳ್ಳಿಯ ಆಕ್ಸೈಡಿನದು. ಅದರ 1.55 ವೋಲ್ಟು ಕೊನೆಯವರೆಗೂ ಹೆಚ್ಚುಕಮ್ಮಿ ಹಾಗೇ ನಿಲ್ಲುತ್ತದೆ. ಎಲ್‌ಆರ್ ಆಲ್ಕಲೈನ್. ಬಳಸಿದಂತೆಲ್ಲಾ ಅದರ ವೋಲ್ಟು ಇಳಿಯುತ್ತಾ ಹೋಗುತ್ತದೆ, ಸೋರುವ ಭಯವೂ ಜಾಸ್ತಿ. ಸೋರಿದರೆ ಸರ್ಕೀಟನ್ನೇ ತಿಂದುಹಾಕುತ್ತದೆ. "ಬೇರೆ ಕಡೆ ಅರ್ಧ ರೇಟಿಗೆ ಹಾಕ್ತಾರೆ" ಅನ್ನುವವರು ಅಲ್ಲಿ ಯಾವ ಸೆಲ್ ಹಾಕಿದರು ಎಂದು ಒಮ್ಮೆ ಕೇಳಿ ನೋಡಿ. ನಾನು ಹಾಕುವುದು ಬೆಳ್ಳಿಯದು. ಬೆಳ್ಳಿಯ ಬೆಲೆ ಏರಿದರೆ ಆ ಸೆಲ್ಲಿನ ಬೆಲೆಯೂ ಏರುತ್ತದೆ. ಅದು ನನ್ನ ಕೈಯಲ್ಲಿಲ್ಲ, ಬೈಗುಳ ಮಾತ್ರ ನನಗೆ! ಅದರ ಜೊತೆ ಹಿಂದಿನ ಮುಚ್ಚಳದ ರಬ್ಬರ್ ವಾಷರ್ ಚಪ್ಪಟೆಯಾಗಿದ್ದರೆ ಹೊಸದು ಹಾಕುತ್ತೇನೆ, ಸಿಲಿಕೋನ್ ಗ್ರೀಸ್ ಸವರುತ್ತೇನೆ. ಅಂದಹಾಗೆ, ಡಯಲ್ ಮೇಲೆ 30 ಮೀಟರ್ ಅಂತ ಬರೆದಿದ್ದರೆ ಈಜಬಹುದು ಎಂದಲ್ಲ. ಮಳೆಹನಿಗೆ, ಕೈ ತೊಳೆಯುವಾಗ ಸಿಡಿಯುವ ನೀರಿಗೆ ತಡೆಯುತ್ತದೆ, ಅಷ್ಟೇ.

ಕೈ ಓಡದ ಮಾತಿಗೂ ಉತ್ತರ ಕೊಡಬೇಕು. ಅಂಗಡಿ ವಹಿಸಿಕೋ ಅಂದಾಗ ನಾನು ಮೊದಲು ಒಲ್ಲೆ ಅಂದಿದ್ದೆ. ಕಣ್ಣು ಮೊದಲಿನಷ್ಟು ಚುರುಕಿಲ್ಲ. ಲೆಕ್ಕ ಇಡುವುದು, ಗ್ರಾಹಕರ ಜೊತೆ ವಾದ ಮಾಡುವುದು, ಯಾವುದೂ ಅಭ್ಯಾಸ ಇರಲಿಲ್ಲ. ಚಿಮುಟದಲ್ಲಿ ಕೂದಲೆಳೆಯಂಥ ಹೇರ್‌ಸ್ಪ್ರಿಂಗ್ ಎತ್ತುವಾಗ ಬೆರಳು ನಡುಗಿದ್ದೂ ನಿಜ. ಯಾರಿಗೂ ಬೇಡವಾದ ಹಳೇ ವಾಚುಗಳನ್ನು ಬಿಚ್ಚಿ ಜೋಡಿಸಿ, ಬಿಚ್ಚಿ ಜೋಡಿಸಿ ಕೈ ಪಳಗಿಸಿಕೊಂಡೆ. ಯಜಮಾನರು ಪಕ್ಕದಲ್ಲಿ ಕೂತು, "ಹೆದರಿಕೆ ಇರ್ಲಿ ಬಿಡಮ್ಮ, ಸ್ಕ್ರೂ ಕಳೆದುಹೋಗಲ್ಲ" ಅಂದರು. ಹೆದರಿಕೆ ಈಗಲೂ ಪೂರ್ತಿ ಹೋಗಿಲ್ಲ. ಹಾಗಂತ ಗೊತ್ತಿಲ್ಲದ ವಾಚನ್ನು ಗೊತ್ತಿದೆ ಅಂತ ಬಿಚ್ಚುವವಳಲ್ಲ ನಾನು. ಆಗದಿದ್ದರೆ ನಿಮ್ಮ ಎದುರಿಗೇ ಆಗಲ್ಲ ಅನ್ನುತ್ತೇನೆ. ಆದದ್ದಕ್ಕೆ ನನ್ನ ಕೈಬರಹದಲ್ಲೇ ಚೀಟಿ ಕೊಡುತ್ತೇನೆ.

ಯಜಮಾನರು ಕೊಟ್ಟ ಹಳೇ ಚೀಟಿಗಳೂ ನಡೆಯುತ್ತವೆ, ತನ್ನಿ. ಸೆಕೆಂಡ್ ಮುಳ್ಳು ಎರಡೆರಡು ಸೆಕೆಂಡು ಹಾರತೊಡಗಿದರೆ ಗಾಬರಿ ಬೇಡ. ಸೆಲ್ ಮುಗಿಯುತ್ತಾ ಬಂತು ಎಂದು ಎಷ್ಟೋ ವಾಚುಗಳು ಹೇಳುವುದೇ ಹಾಗೆ. ನಿಲ್ಲುವ ಮೊದಲೇ ತಂದುಕೊಡಿ. ನಿಂತ ವಾಚನ್ನು ಹಳೇ ಸೆಲ್ ಸಮೇತ ಡ್ರಾಯರಿನಲ್ಲಿ ಇಟ್ಟು ಮರೆಯಬೇಡಿ, ಸೆಲ್ ಸೋರಬಹುದು.

ಪರೀಕ್ಷೆ, ಪ್ರಯಾಣ ಅಂತ ತುರ್ತು ಇದ್ದರೆ ಹೇಳಿ, ನಿಂತ ಹಾಗೇ ಹಾಕಿಕೊಡುತ್ತೇನೆ. ರಾತ್ರಿ 12ಕ್ಕೆ ನಿಂತುಹೋದರೆ ಮಾತ್ರ ನನ್ನ ಕೈಯನ್ನು ಬೈಯಬೇಡಿ. ಬೆಳಿಗ್ಗೆ ತನ್ನಿ, ನೋಡೋಣ.

ಇಂತಿ,
ಅಂಗಡಿಯಿಂದ