ಆರು, ಏಳು, ಎಂಟನೇ ತರಗತಿ ಮಕ್ಕಳ ವಿದ್ಯುತ್ ಪಾಠಕ್ಕೆ ನಿಮ್ಮ ನೆರವು ಬೇಕು

ಎಲ್ಲರಿಗೂ ಶರಣು.

ಕಳೆದ ತಿಂಗಳು ಏಳನೇ ತರಗತಿಯಲ್ಲಿ ಒಂದು ಹಳೆ ಸೈಕಲ್ ತಲೆಕೆಳಗು ಮಾಡಿ ನಿಲ್ಲಿಸಿದ್ದೆವು. ಹಿಂದಿನ ಗಾಲಿಗೆ ಡೈನಮೊ, ಡೈನಮೊಗೆ ಒಂದು ಪುಟ್ಟ ಬಲ್ಬು. ಒಬ್ಬ ಹುಡುಗಿ ಪೆಡಲ್ ಹಿಡಿದು ಕೈಯಿಂದ ತಿರುವಿದಳು. ಬಲ್ಬು ಮೊದಲು ಕೆಂಪಗೆ ಮಿಣುಕಿತು, ಆಮೇಲೆ ಹಳದಿಯಾಗಿ ಉರಿಯಿತು. ಕೈ ಸೋತಂತೆ ಬೆಳಕೂ ಇಳಿಯಿತು. ಹಣೆ ಒರೆಸಿಕೊಂಡು ಕೇಳಿದಳು: "ಇಷ್ಟೇ ಬೆಳಕಿಗೆ ಇಷ್ಟು ತ್ರಾಸ ಏನ್ರಿ ಸರ್?"

ಆ ಬಲ್ಬು ಬರೀ 3 ವ್ಯಾಟಿನದು. ತಲೆ ಮೇಲೆ ತಿರುಗುತ್ತಿದ್ದ ಹಳೆ ಫ್ಯಾನ್ 75 ವ್ಯಾಟಿನದು. ಅದನ್ನು ಹೇಳಿದ ಕೂಡಲೇ ಇಡೀ ತರಗತಿ ಕತ್ತೆತ್ತಿ ಫ್ಯಾನ್ ನೋಡಿತು.

ನಾನು ವಿಜ್ಞಾನದ ಮಾಸ್ತರ. ಶಕ್ತಿಯ ಮೂಲಗಳು ಅನ್ನೋ ಪಾಠವನ್ನು ಎಷ್ಟೋ ವರ್ಷ ಚಾರ್ಟ್ ತೋರಿಸಿಯೇ ಮಾಡಿದ್ದೇನೆ. ಮಕ್ಕಳು ಸೌರ, ಗಾಳಿ, ಜಲ, ಕಲ್ಲಿದ್ದಲು ಅಂತ ಬಾಯಿಪಾಠ ಒಪ್ಪಿಸುತ್ತಿದ್ದರು. ಪರೀಕ್ಷೆ ಮುಗಿದ ಮೇಲೆ ಅದು ಯಾರಿಗೂ ನೆನಪಿರುತ್ತಿರಲಿಲ್ಲ. ಈಗ ನಮ್ಮ ಸಣ್ಣ ಟ್ರಸ್ಟ್ ಯಾದಗಿರಿ ತಾಲೂಕಿನ ಐದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಈ ಪಾಠವನ್ನು ಕೈಯಲ್ಲಿ ಹಿಡಿದು, ತೂಗಿ, ಅಳೆದು ಕಲಿಸಲು ಹೊರಟಿದೆ. ಅದಕ್ಕೇ ಈ ಮನವಿ.

ಒಬ್ಬ ಹುಡುಗ ಕೇಳಿದ ಪ್ರಶ್ನೆ ಇನ್ನೂ ನನ್ನ ತಲೆಯಲ್ಲೇ ಇದೆ. "ನಮ್ಮ ಮನಿಗೆ ಕರೆಂಟ್ ಬಿಲ್ಲೇ ಬರಂಗಿಲ್ರಿ. ಮತ್ತ ಉಳಿಸಿ ಏನ್ ಮಾಡೋದ್ರಿ?" 2023ರಿಂದ ಗೃಹಜ್ಯೋತಿ ಬಂದಿದೆ, ಬಹಳ ಮನೆಗಳಲ್ಲಿ ಬಿಲ್ ಸೊನ್ನೆ. ಬಡವರ ಮನೆಗೆ ಅದು ದೊಡ್ಡ ಆಸರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹುಡುಗನಿಗೆ ಉತ್ತರ ಕೊಡಬೇಕಲ್ವಾ? ಮರುದಿನ ತಕ್ಕಡಿ ತಂದು ಮುಕ್ಕಾಲು ಕಿಲೋ ಇದ್ದಿಲು ತೂಗಿ ಮೇಜಿನ ಮೇಲೆ ಸುರಿದೆ. ಇದು ಕಟ್ಟಿಗೆ ಇದ್ದಿಲು, ಆದರೆ ಒಂದು ಯೂನಿಟ್ ಕರೆಂಟಿಗೆ ಹೆಚ್ಚುಕಡಿಮೆ ಇಷ್ಟೇ ತೂಕದ ಕಲ್ಲಿದ್ದಲು ಉರಿಯಬೇಕು ಎಂದೆ. ಖಾಲಿ ಕೋಣೆಯಲ್ಲಿ ಆ ಹಳೆ ಫ್ಯಾನ್ 13-14 ತಾಸು ಸುಮ್ನೆ ತಿರುಗಿದರೆ ಒಂದು ಯೂನಿಟ್ ಹೋಯಿತು. ಹುಡುಗ ಇದ್ದಿಲು ಮುಟ್ಟಿ, ಕಪ್ಪಾದ ಬೆರಳು ನೋಡಿಕೊಂಡ. ಈಗ ಊಟದ ಗಂಟೆ ಹೊಡೆದಾಗ ಸ್ವಿಚ್ ಹತ್ತಿರ ಮೊದಲು ಓಡುವವನು ಅವನೇ.

ಆ ಕಲ್ಲಿದ್ದಲು ಉರಿಯುವ ಜಾಗ ನಮಗೆ ದೂರವೇನಲ್ಲ. ರೈಲಿನಲ್ಲಿ ರಾಯಚೂರಿಗೆ ಹೋಗುವಾಗ ಕೃಷ್ಣಾ ನದಿ ದಾಟುತ್ತಲೇ ಎತ್ತರದ ಚಿಮಣಿಗಳು ಕಾಣುತ್ತವೆ. ಅದೇ ಶಕ್ತಿನಗರದ ಉಷ್ಣ ವಿದ್ಯುತ್ ಕೇಂದ್ರ. 1985ರಲ್ಲಿ ಶುರುವಾಯಿತು, ಈಗ ಎಂಟು ಘಟಕ, ಒಟ್ಟು 1,720 ಮೆಗಾವ್ಯಾಟ್. ನಮ್ಮ ಊರ ಮುಂದೆ ಹರಿಯುವ ಭೀಮೆ ಹೋಗಿ ಕೃಷ್ಣೆಯನ್ನು ಸೇರುವುದೂ ಅದೇ ಸೀಮೆಯಲ್ಲಿ. ಅನುಮತಿ ಸಿಕ್ಕರೆ ಎಂಟನೇ ತರಗತಿ ಮಕ್ಕಳನ್ನು ಅಲ್ಲಿಗೆ ಒಂದು ದಿನ ಕರೆದೊಯ್ಯಬೇಕು. ಸಿಗದಿದ್ದರೆ ನಾರಾಯಣಪುರ ಅಣೆಕಟ್ಟಿಗೆ.

ಉಳಿತಾಯದ ಪಾಠ ಮಾತ್ರ ಅಡುಗೆಮನೆಯಲ್ಲೇ ಚೆನ್ನಾಗಿ ನಡೆಯುತ್ತದೆ. ತೊಗರಿ ನಮ್ಮ ಬೆಳೆ, ತೊಗರಿ ಕಟ್ಟಿಗೆ ನಮ್ಮ ಒಲೆಗೆ ಉರುವಲು. ಶಾಲೆ ಅಂಗಳದಲ್ಲಿ ಎರಡು ಒಲೆ ಹೂಡಿದೆವು. ಎರಡು ಪಾತ್ರೆಗೂ ಅಷ್ಟಷ್ಟೇ ಬೇಳೆ, ಅಷ್ಟಷ್ಟೇ ನೀರು. ಒಂದರ ಬೇಳೆ ಒಂದು ತಾಸು ನೆನೆದಿತ್ತು, ಮೇಲೆ ಮುಚ್ಚಳ. ಇನ್ನೊಂದು ಹಾಗೇ, ಮುಚ್ಚಳವಿಲ್ಲದೆ. ಮಕ್ಕಳು ಕಟ್ಟಿಗೆ ತೂಗಿ ತೂಗಿ ಒಲೆಗಿಟ್ಟು ಬರೆದುಕೊಂಡರು. ನೆನೆದ ಬೇಳೆ ಕರಗಿ ಕೂತಾಗ ಇನ್ನೊಂದು ಇನ್ನೂ ಕಾಳು ಕಾಳಾಗಿ ಕುದಿಯುತ್ತಿತ್ತು. ಕಟ್ಟಿಗೆಯ ವ್ಯತ್ಯಾಸ ಕಣ್ಣಿಗೇ ಕಾಣುವಷ್ಟಿತ್ತು. ನೋಡಲು ಬಂದಿದ್ದ ತಾಯಿಯೊಬ್ಬರು, "ನಮ್ಮವ್ವ ದಿನಾ ನೆನೆಸೇ ಇಡ್ತಿದ್ಳು, ನಾವೇ ಬಿಟ್ವಿ" ಎಂದರು.

ಈಗ ಲೆಕ್ಕದ ಮಾತು. ಒಂದು ಶಾಲೆಯ ಸಾಮಾನಿಗೆ 12,000 ರೂಪಾಯಿ. ಅದರಲ್ಲಿ ಒಂದು ಪೆಟ್ಟಿಗೆ ಸೌರ ಒಲೆ, ಎರಡು ಸಣ್ಣ ಸೋಲಾರ್ ಪ್ಯಾನೆಲ್, ಪ್ಲಗ್ಗಿಗೆ ಸಿಕ್ಕಿಸುವ ವ್ಯಾಟ್ ಮೀಟರ್, ತಕ್ಕಡಿ, ಡೈನಮೊ, ಹಳೆ 60 ವ್ಯಾಟ್ ಬಲ್ಬು ಮತ್ತು 9 ವ್ಯಾಟ್ ಎಲ್‌ಇಡಿ ಬರುತ್ತವೆ. ಎರಡೂ ಬಲ್ಬು ಹೆಚ್ಚುಕಡಿಮೆ ಒಂದೇ ಬೆಳಕು ಕೊಡುತ್ತವೆ, ಮೀಟರ್ ಮಾತ್ರ ಬೇರೆ ಬೇರೆ ತೋರಿಸುತ್ತದೆ. ಅದನ್ನು ಮಕ್ಕಳು ತಾವೇ ಓದಬೇಕು ಅನ್ನೋದೇ ನಮ್ಮ ಆಸೆ. ಐದು ಶಾಲೆಗೆ 60,000, ಪ್ರವಾಸದ ಬಸ್ಸು ಮತ್ತು ಊಟಕ್ಕೆ 25,000. ಒಟ್ಟು 85,000 ರೂಪಾಯಿ.

ನೂರು ರೂಪಾಯಿ ಕೊಟ್ಟರೂ ರಸೀದಿ ಕೊಡುತ್ತೇವೆ. ಚೆಕ್ ಆದರೆ ಟ್ರಸ್ಟ್ ಹೆಸರಿಗೇ ಬರೆಯಿರಿ. ಜಮಾ ಖರ್ಚು ಐದೂ ಶಾಲೆಗಳ ನೋಟಿಸ್ ಬೋರ್ಡಿನಲ್ಲಿ ಹಚ್ಚುತ್ತೇವೆ. ದುಡ್ಡು ಕೊಡಲು ಆಗದವರು ಹಳೆ ಸೈಕಲ್, ಕೆಟ್ಟ ಫ್ಯಾನ್, ಮೂಲೆಗೆ ಬಿದ್ದ ಮಿಕ್ಸರ್ ಕೊಡಿ, ಬಿಚ್ಚಿ ನೋಡಲು ಬೇಕು. ಐಟಿಐ ಓದಿದ ತಮ್ಮಂದಿರು ಶನಿವಾರ ಒಂದು ತಾಸು ಬಂದರೆ ಇನ್ನೂ ಜಾಸ್ತಿ ಖುಷಿ. ಚಾರ್ಟ್ ಮಾತ್ರ ದಯವಿಟ್ಟು ಬೇಡ, ಗೋಡೆ ತುಂಬ ಇವೆ.

ಡಿಸೆಂಬರ್ 14 ರಾಷ್ಟ್ರೀಯ ಇಂಧನ ಸಂರಕ್ಷಣಾ ದಿನ. ಅಷ್ಟರೊಳಗೆ ಸಾಮಾನು ಕೈಸೇರಿದರೆ ಅಂದು ಬೆಳಿಗ್ಗೆ ಅಂಗಳದಲ್ಲಿ ಐದು ಸೌರ ಒಲೆಗಳಲ್ಲಿ ಬೇಳೆ ಇಡುತ್ತೇವೆ. ನೀವೂ ಬನ್ನಿ, ಮಧ್ಯಾಹ್ನದ ಊಟ ಮಕ್ಕಳ ಜೊತೆಗೆ.