ರುಜು ಹಾಕುವ ಮುಂಚೆ

ತಿಪಟೂರು

ಚಿ. ಸೌ. ಸುಮಾಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಅಮೆರಿಕದಲ್ಲಿ ಟೆಟನಸ್ ಚುಚ್ಚುಮದ್ದು ಆದಮೇಲೆ ಕಾಲು ಸೋತು ಮಲಗಿದ್ದ ಅಳಿಯಂದಿರು ಈಗ ಕೋಲು ಹಿಡಿದು ನಡೆಯುತ್ತಿದ್ದಾರೆ ಅಂತ ಓದಿ ಜೀವಕ್ಕೆ ಸಮಾಧಾನವಾಯಿತು. ಆದರೆ ಕೊನೆಯಲ್ಲಿ ಬರೆದ ಮಾತು ನಿದ್ದೆಗೆಡಿಸಿದೆ: 'ಲಸಿಕೆಯಿಂದ ಆಗಿದ್ದಲ್ಲ ಅಂತ ಬರೆದ ಪರಿಹಾರದ ರಾಜಿ ಕಾಗದಕ್ಕೆ ರುಜು ಹಾಕಿದರೆ, ಇವರ ಕಾಯಿಲೆಯನ್ನು ನಾವೇ ಸುಳ್ಳು ಮಾಡಿದ ಹಾಗಲ್ಲವೇ ದೊಡ್ಡಪ್ಪ?'

ಇಲ್ಲ ಕಣಮ್ಮ. ನೀನು ಕಳಿಸಿದ ಕಾಗದಗಳನ್ನು ನಮ್ಮ ವಕೀಲರ ಹತ್ತಿರ ಕೂತು ಓದಿಸಿದೆ. ಲಸಿಕೆಯೇ ಕಾರಣ ಅನ್ನುವ ನಿಮ್ಮ ಮಾತೂ ಅದರಲ್ಲಿದೆ, ಅಲ್ಲ ಅನ್ನುವ ಅಲ್ಲಿಯ ಸರ್ಕಾರದ ಮಾತೂ ಇದೆ. ಎರಡನ್ನೂ ಹಾಗೇ ಬಿಟ್ಟು ಹಣ ಕೊಡುತ್ತಾರೆ. ಫ್ಲೂ ಲಸಿಕೆಯಾಗಿ 3ರಿಂದ 42 ದಿನದೊಳಗೆ ಗಿಲಾನ್ ಬಾರೆ, ಅಂದರೆ ನರ ಸೋತು ಕೈಕಾಲಿನ ಬಲ ಹೋಗುವ ಈ ಕಾಯಿಲೆ, ಬಂದಿದ್ದರೆ ಯಾವ ಲಸಿಕೆಯಿಂದ ಯಾವ ಕಾಯಿಲೆ ಅಂತ ಅಮೆರಿಕದ ಸರ್ಕಾರ ಒಪ್ಪಿರುವ ಪಟ್ಟಿಯೇ ನಿಮ್ಮ ಪರ ನಿಲ್ಲುತ್ತಿತ್ತು. ಟೆಟನಸ್ ಚುಚ್ಚುಮದ್ದಿಗೆ ಆ ಕಾಯಿಲೆ ಪಟ್ಟಿಯಲ್ಲಿಲ್ಲ. ಕಾರಣವನ್ನು ನೀವೇ ರುಜುವಾತು ಮಾಡಬೇಕು. ಅಲ್ಲಿ ಕೊಟ್ಟಿರುವ ಪರಿಹಾರಗಳಲ್ಲಿ ನೂರಕ್ಕೆ ಸುಮಾರು 60 ರಾಜಿಯಲ್ಲೇ ಆದವಂತೆ. ಅವರೆಲ್ಲ ಸುಳ್ಳು ಹೇಳಿದವರೇ?

ಬಸ್ಸಿನ ಅಪಘಾತದಲ್ಲಿ ಕೈ ಕಳೆದುಕೊಂಡ ನಮ್ಮಪ್ಪನ ಕೇಸು ನಿನಗೆ ಗೊತ್ತಿರುವುದೇ. ಲೋಕ ಅದಾಲತ್ತಿನಲ್ಲಿ ಮೊತ್ತ ಕುದುರಿತ್ತು. 'ತಪ್ಪು ನಮ್ಮದು ಅಂತ ಬರೆಯಲಿ, ಆಮೇಲೆ ದುಡ್ಡು' ಅಂದುಬಿಟ್ಟ. ಕೇಸಿನ ಕಾಗದಗಳನ್ನು ಮಂಡಿ ಕೆಳಗೆ ಒತ್ತಿ ಹಿಡಿದು, ಉಳಿದ ಒಂದು ಕೈಯಲ್ಲೇ ತೆಂಗಿನ ಹುರಿ ಸುತ್ತಿ, ಹಲ್ಲಲ್ಲಿ ಗಂಟು ಬಿಗಿಯುತ್ತಿದ್ದ. ಆ ಮಾತನ್ನು ಯಾರೂ ಬರೆದುಕೊಡಲಿಲ್ಲ. ಅವನ ಹಟ ತಪ್ಪು ಅನ್ನಲು ಇವತ್ತಿಗೂ ನನಗೆ ಬಾಯಿ ಬರುವುದಿಲ್ಲ. ಆದರೆ ಅವ್ವ ಕೊಬ್ಬರಿ ಮಂಡಿಯಲ್ಲಿ ಕೂಲಿಗೆ ಹೋದದ್ದು ನೆನೆದರೆ ಹೊಟ್ಟೆ ಉರಿಯುತ್ತದೆ.

ನಿನ್ನ ಭಯ ಸಣ್ಣದು ಅಂತ ನಾನು ಅನ್ನುವುದಿಲ್ಲ. ಹಾಸಿಗೆಯಲ್ಲಿ ಕಾಲು ಎತ್ತಲಾರದೆ ಮಲಗಿದ್ದವರನ್ನು ಕಣ್ಣಾರೆ ಕಂಡವಳು ನೀನು. ನಿನಗೆ ಇನ್ನೊಬ್ಬರ ಒಪ್ಪಿಗೆ ಯಾಕೆ ಬೇಕಮ್ಮ? ಕೇಸು ಪೂರ್ತಿ ಗೆದ್ದರೂ ನೋವಿಗೆ ಅಂತ 2,50,000 ಡಾಲರಿನ ಮೇಲೆ ಕೊಡುವಂತಿಲ್ಲ, ಅಲ್ಲಿಯ ಕಾನೂನೇ ಹಾಗಿದೆಯಂತೆ.

ದೂರದಲ್ಲಿ ಕೂತು ಹೇಳುವುದು ಸುಲಭ, ಬೇಸರ ಮಾಡಿಕೊಳ್ಳಬೇಡ. ನಿಮ್ಮ ವಕೀಲರ ಫೀಜನ್ನು ಪರಿಹಾರ ಕೊಡುವ ಅಲ್ಲಿಯ ನಿಧಿಯಿಂದಲೇ ಬೇರೆ ಕೊಡುತ್ತಾರೆ, ನಿಮ್ಮ ಹಣದಲ್ಲಿ ಅವರು ಪಾಲು ಕೇಳುವಂತಿಲ್ಲ, ಒಮ್ಮೆ ವಿಚಾರಿಸು. ಮುಂದಿನ ಫಿಸಿಯೋಥೆರಪಿ ಖರ್ಚು ಲೆಕ್ಕಕ್ಕೆ ಬಂದಿದೆಯಾ ನೋಡು. ಈ ಭಯದಲ್ಲಿ ಮಗುವಿನ ಲಸಿಕೆ ಮಾತ್ರ ತಪ್ಪಿಸಬೇಡ, ಪೋಲಿಯೋದಲ್ಲಿ ಕಾಲು ಸೋತ ಮಕ್ಕಳನ್ನು ನಮ್ಮ ಬೀದಿಯಲ್ಲೇ ಕಂಡವನು ನಾನು.

ರುಜು ಹಾಕಬೇಕೋ ಬೇಡವೋ ಅನ್ನುವುದನ್ನು ಅಳಿಯಂದಿರೇ ಹೇಳಲಿ. ನೋವು ಅವರದು. ಅವರನ್ನು ಕೇಳಿದ್ದೀಯಾ?

ನಿನ್ನ ದೊಡ್ಡಪ್ಪ